ಥೊವಾಳ ಮೈಗೆ ಹೊಕ್ಕ ಗಾಳಿ

ಥೊವಾ ಎಂಬ ಹೆಂಗಸು ಸುಮಾರು ಒಂದು ವರ್ಷ ನನ್ನ ತಲೆ ತಿಂದಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವಳ ಬಗ್ಗೆ ಬರೆಯಲು ಕುಳಿತಿದ್ದೇನೆಂದ ಮಾತ್ರಕ್ಕೆ ನಾನೇನೋ ದೊಡ್ಡ ದಯಾಮಯಿ ಎಂದು ಯಾರೂ ತಿಳಿಯಬಾರದು. ನನಗೆ ಮೂಗಿನ ತುದಿಯಲ್ಲೇ ಕೋಪ. ಅವಳಿಗೋ, ಏನು ಕೇಳಿದರೂ ಒಂದೇ ಉತ್ತರ: ಗಾಳಿ.

ನಾನು ಮೆರಿಲ್. ಹುಟ್ಟಿದ್ದು ಮೈಸೂರಿನಲ್ಲಿ, ಮದುವೆಯಾದದ್ದು ಮಂಗಳೂರಿನ ಸೈಮನ್‌ನನ್ನು, ಹದಿನೆಂಟು ವರ್ಷದಿಂದ ಇರುವುದು ಮಲೇಷ್ಯಾದ ಕ್ಲಾಂಗ್‌ನಲ್ಲಿ. ಸೈಮನ್‌ಗೆ ಬಂದರಿನ ಒಂದು ಶಿಪ್ಪಿಂಗ್ ಕಂಪನಿಯಲ್ಲಿ ಕೆಲಸ. ನಾನು ಬಂದರಿಗೆ ಹೋಗುವ ದಾರಿಯಲ್ಲಿರುವ ರಟ್ಟಿನ ಪೆಟ್ಟಿಗೆ ಕಾರ್ಖಾನೆಯೊಂದರಲ್ಲಿ ಎಚ್ಆರ್. ಎಚ್ಆರ್ ಎಂದರೆ ಭಾರಿ ಹುದ್ದೆ ಎಂದುಕೊಳ್ಳಬೇಡಿ. ರಜೆ ಚೀಟಿ ಫೈಲಿಗೆ ಹಾಕುವುದು, ಹಾಸ್ಟೆಲಿನ ಜಗಳ ಬಿಡಿಸುವುದು, ವಿದೇಶಿ ಕೆಲಸಗಾರರ ಪರ್ಮಿಟ್ ಮುಗಿಯುವ ಮೊದಲು ನವೀಕರಿಸಲು ಓಡಾಡುವುದು, ಇಷ್ಟೇ. ನಮ್ಮಲ್ಲಿ ನೇಪಾಳದವರು, ಬಾಂಗ್ಲಾದವರು ಮತ್ತು ವಿಯೆಟ್ನಾಮಿನ ಹನ್ನೊಂದು ಹೆಂಗಸರು ಇದ್ದರು. ಆ ಹನ್ನೊಂದರಲ್ಲಿ ಥೊವಾ ಒಬ್ಬಳು.

ಅವಳ ಊರು ವಿಯೆಟ್ನಾಮಿನ ನಡು ಕರಾವಳಿಯ ನ್ಗೆಆನ್ ಸೀಮೆಯ ಒಂದು ಮೀನುಗಾರರ ಹಳ್ಳಿ. ಊರಿಗೆ ಊರೇ ಕ್ಯಾಥೊಲಿಕರು. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಮೂರು ವರ್ಷದ ಮಗಳನ್ನು ಅಪ್ಪ ಅಮ್ಮನ ಮಡಿಲಿಗೆ ಹಾಕಿ ಇಲ್ಲಿಗೆ ಬಂದವಳು. ಗಂಡ ಅದಕ್ಕೂ ಮೊದಲೇ ತೈವಾನಿಗೆ ಹೋಗಿದ್ದ. ಅವನು ಮೊದಲು ಫೋನು ಮಾಡುವುದನ್ನು ಕಡಿಮೆ ಮಾಡಿದ, ಆಮೇಲೆ ನಂಬರನ್ನೇ ಬದಲಾಯಿಸಿದ. ಇದನ್ನು ಅವಳು ನನಗೆ ಹೇಳಿದ್ದು ನಗುತ್ತಾ, ಹಲ್ಲಿನ ಸಂದಿಯಿಂದ ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತಾ. ಅಂಟು ಹಚ್ಚುವ ಮೆಷಿನ್ನಿನ ಕೊನೆಯಲ್ಲಿ ನಿಂತು, ಸೊಟ್ಟಗೆ ಅಂಟಿಕೊಂಡ ಪೆಟ್ಟಿಗೆಗಳನ್ನು ಎತ್ತಿ ಪಕ್ಕಕ್ಕೆ ಎಸೆಯುವುದು ಅವಳ ಕೆಲಸ. ಆರು ವರ್ಷ ಅನುಭವವಿರುವ ಸೂಪರ್‌ವೈಸರ್ ಕಣ್ಣಿಗೆ ಬೀಳದ್ದು ಅವಳ ಕೈಗೆ ಸಿಗುತ್ತಿತ್ತು. ಹಾಸ್ಟೆಲಿನ ಹಿಂದೆ, ಖಾಲಿಯಾದ ಅಂಟಿನ ಡ್ರಮ್ಮುಗಳಿಗೆ ಮಣ್ಣು ತುಂಬಿ ಪುದೀನ, ನಿಂಬೆಹುಲ್ಲು, ನನಗೆ ಹೆಸರು ಗೊತ್ತಿಲ್ಲದ ಇನ್ನೂ ನಾಲ್ಕು ಸೊಪ್ಪು ಬೆಳೆದಿದ್ದಳು. ಭಾನುವಾರ ಚರ್ಚಿನಲ್ಲಿ ನಮ್ಮ ಹಿಂದಿನ ಬೆಂಚಿನಲ್ಲಿ ಕುಳಿತು, ಎಲ್ಲರೂ ಇಂಗ್ಲಿಷಿನಲ್ಲಿ ಹಾಡುವಾಗ ಅದೇ ರಾಗಕ್ಕೆ ತನ್ನ ಭಾಷೆಯಲ್ಲಿ ಹಾಡುತ್ತಿದ್ದಳು. ಪೂಜೆ ಮುಗಿದ ಮೇಲೆ ನನ್ನ ಕೈಗೆ ಒಂದು ಕಟ್ಟು ಸೊಪ್ಪು ತುರುಕಿ, "ಕಾಕ್, ಮಾಕಾನ್" ಎನ್ನುತ್ತಿದ್ದಳು. ಅಕ್ಕ, ತಿನ್ನು ಎಂದು. ನಾವಿಬ್ಬರೂ ಮಾತಾಡುತ್ತಿದ್ದುದು ಮಲಯ್ ಮತ್ತು ಇಂಗ್ಲಿಷನ್ನು ಕಲಸಿ ಮಾಡಿದ ಒಂದು ಭಾಷೆಯಲ್ಲಿ. ಅದನ್ನು ಇಲ್ಲಿ ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ.

2020ರ ಮಾರ್ಚಿನಲ್ಲಿ ದೇಶಕ್ಕೆ ಬೀಗ ಬಿತ್ತು. ನಮ್ಮ ಕಾರ್ಖಾನೆಗೆ ಮಾತ್ರ ಬೀಳಲಿಲ್ಲ. ಜಗತ್ತಿಗೆಲ್ಲ ರಬ್ಬರ್ ಕೈಗವಸು ಬೇಕಾಗಿತ್ತು, ಕೈಗವಸಿಗೆ ಪೆಟ್ಟಿಗೆ ಬೇಕಾಗಿತ್ತು. ಕೆಲಸಗಾರರು ಹಾಸ್ಟೆಲಿನಿಂದ ವ್ಯಾನಿನಲ್ಲಿ ಕಾರ್ಖಾನೆಗೆ, ಕಾರ್ಖಾನೆಯಿಂದ ವ್ಯಾನಿನಲ್ಲಿ ಹಾಸ್ಟೆಲಿಗೆ. ಚರ್ಚು ಇಲ್ಲ, ಸಂತೆ ಇಲ್ಲ. ಜುಲೈ ತಿಂಗಳಲ್ಲಿ ಥೊವಾಳ ಅಪ್ಪ ದೋಣಿಯಿಂದ ಇಳಿಯುವಾಗ ಕುಸಿದು ತೀರಿಕೊಂಡರು. ವಿಮಾನ ಇರಲಿಲ್ಲ. ಮಣ್ಣು ಮಾಡುವುದನ್ನು ಅವಳು ಕ್ಯಾಂಟೀನಿನ ಮೂಲೆಯಲ್ಲಿ ನಿಂತು ಫೋನಿನಲ್ಲಿ ನೋಡಿದಳು. ನಾನು ಪಕ್ಕದಲ್ಲಿದ್ದೆ. ನೆಟ್‌ವರ್ಕ್ ಕೈಕೊಟ್ಟು, ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸುವ ಹೊತ್ತಿಗೆ ಚಿತ್ರ ನಿಂತುಹೋಯಿತು. ಅವಳು ಫೋನನ್ನು ಎರಡು ಸಲ ಅಂಗೈಗೆ ತಟ್ಟಿ, ಜೇಬಿಗೆ ಹಾಕಿಕೊಂಡು ಮೆಷಿನ್ನಿಗೆ ಹೋದಳು. ಮೂರು ದಿನ ರಜೆ ತಗೋ ಎಂದೆ. ಬೇಡ ಎಂದಳು.

ಆಗಸ್ಟಿನಲ್ಲಿ ಒಂದು ದಿನ ಮೆಷಿನ್ನಿನ ಬಳಿ ಹೋದರೆ, ಅವಳು ಸುಮ್ಮನೆ ನಿಂತಿದ್ದಳು. ಪೆಟ್ಟಿಗೆಗಳು ಒಂದರ ಮೇಲೊಂದು ಬಂದು ಅವಳ ಕಾಲ ಬುಡದಲ್ಲಿ ಬೀಳುತ್ತಿದ್ದವು. ಕಣ್ಣು ತೆರೆದೇ ಇತ್ತು. ನಾನು ಭುಜ ಹಿಡಿದಾಗ ಬೆಚ್ಚಿಬಿದ್ದಳು. ಆಗಲೇ ನನಗೆ ಕಂಡದ್ದು: ಕುತ್ತಿಗೆಯಿಂದ ಬೆನ್ನಿನ ಕೆಳಗೆ ಕೆಂಪು ಕೆಂಪು ಬರೆ, ಬೆತ್ತದಿಂದ ಬಾರಿಸಿದ ಹಾಗೆ.

ನನ್ನ ಪಿತ್ತ ನೆತ್ತಿಗೇರಿತು. ನೇರವಾಗಿ ಹಾಸ್ಟೆಲಿನ ವಾರ್ಡನ್ ಹತ್ತಿರ ಹೋಗಿ ಬಾಯಿಗೆ ಬಂದಂತೆ ಬೈದೆ. ಪೊಲೀಸಿಗೆ ಹೇಳುತ್ತೇನೆ, ಕೆಲಸದಿಂದ ತೆಗೆಸುತ್ತೇನೆ ಎಂದೆಲ್ಲ ಕೂಗಾಡಿದೆ. ಪಾಪ, ಆ ಮನುಷ್ಯ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅಷ್ಟರಲ್ಲಿ ವಿಯೆಟ್ನಾಮಿನ ಹೆಂಗಸರೆಲ್ಲ ಓಡಿ ಬಂದು, ನಗಬೇಕೋ ಹೆದರಬೇಕೋ ತಿಳಿಯದೆ, ಒಂದು ಪುಟ್ಟ ಹಸಿರು ಎಣ್ಣೆ ಬಾಟಲಿಯನ್ನೂ ಒಂದು ನಾಣ್ಯವನ್ನೂ ನನ್ನ ಮುಂದೆ ಹಿಡಿದರು. ಮೈಗೆ ಗಾಳಿ ಹೊಕ್ಕರೆ ಎಣ್ಣೆ ಹಚ್ಚಿ ನಾಣ್ಯದಂಚಿನಿಂದ ಬೆನ್ನು ಕೆರೆಯುತ್ತಾರಂತೆ. ಕೆಂಪಗೆ ಎದ್ದರೆ ಗಾಳಿ ಹೊರಗೆ ಬಂತೆಂದು ಲೆಕ್ಕ. ಥೊವಾಳ ಬೆನ್ನನ್ನು ಅವರು ವಾರಕ್ಕೆರಡು ಸಲ ಕೆರೆಯುತ್ತಿದ್ದರು. ನಾನು ವಾರ್ಡನ್‌ಗೆ ಕ್ಷಮೆ ಕೇಳಿದೆ. ಅವನು ಇವತ್ತಿಗೂ ನನ್ನನ್ನು ಕಂಡರೆ ದೂರದಿಂದಲೇ ದಾರಿ ಬದಲಿಸುತ್ತಾನೆ.

"ನಿದ್ದೆ ಬರುತ್ತಾ?" ಎಂದು ಥೊವಾಳನ್ನು ಕೇಳಿದೆ.

"ಇಲ್ಲ ಕಾಕ್. ಗಾಳಿ."

"ಊಟ?"

"ಸೇರಲ್ಲ. ಗಾಳಿ ಹೊಟ್ಟೆಯಲ್ಲಿ ಕೂತಿದೆ."

"ಅಪ್ಪನ ನೆನಪಾಗುತ್ತಾ?"

ಅವಳು ಗೋಡೆ ನೋಡಿದಳು. "ಎಲ್ಲರ ಅಪ್ಪನೂ ಸಾಯುತ್ತಾರೆ" ಎಂದಳು.

ಅಲ್ಲಿಂದ ಶುರುವಾಯಿತು ನಮ್ಮ ಹಗ್ಗಜಗ್ಗಾಟ. ಇದು ಗಾಳಿಯಲ್ಲ, ಮನಸ್ಸಿನ ಕಾಯಿಲೆ, ಅದಕ್ಕೂ ಡಾಕ್ಟರ್ ಇದ್ದಾರೆ, ಮಾತ್ರೆ ಇದೆ ಎಂದು ನಾನು. ಅಂಥ ಡಾಕ್ಟರ್ ಹತ್ತಿರ ಹೋಗುವವರು ಹುಚ್ಚರು ಎಂದು ಅವಳು. ಹಾಸ್ಟೆಲಿನ ಯಾರಾದರೂ ಊರಿಗೆ ಒಂದು ಮೆಸೇಜ್ ಹಾಕಿದರೆ ಸಾಕು, ತನ್ನ ಮಗಳನ್ನು ಹುಚ್ಚಿಯ ಮಗಳು ಎನ್ನುತ್ತಾರೆ. ಅಮ್ಮ ಚರ್ಚಿಗೆ ಹೋಗಿ ಮೊಂಬತ್ತಿ ಹಚ್ಚುತ್ತಿದ್ದಾಳೆ, ಸರಿಹೋಗುತ್ತದೆ. ನಾನು ಆಫೀಸಿನ ಕಿಟಕಿಯಿಂದ ಅವಳ ಡ್ರಮ್ಮುಗಳನ್ನು ನೋಡುತ್ತಿದ್ದೆ. ಪುದೀನ ಒಣಗಿ ಕಡ್ಡಿಯಾಗಿತ್ತು. ದಿನಕ್ಕೊಂದು ತಂಬಿಗೆ ನೀರು ಹಾಕಲೂ ಅವಳಿಗೆ ಆಗುತ್ತಿರಲಿಲ್ಲ, ಆದರೂ ಬಾಯಲ್ಲಿ ಗಾಳಿ ಗಾಳಿ. ಒಂದು ಸಲವಂತೂ ನಾನು ಮೇಜು ಕುಟ್ಟಿ, "ಇಪ್ಪತ್ತೊಂದನೇ ಶತಮಾನದಲ್ಲಿದ್ದೀಯಾ ನೀನು? ನಾಣ್ಯದಲ್ಲಿ ಕೆರೆದರೆ ದುಃಖ ಹೋಗುತ್ತಾ?" ಎಂದು ಕಿರುಚಿದೆ.

ಅವಳು ಶಾಂತವಾಗಿ, "ಕಾಕ್, ಪರ್ಮಿಟ್" ಎಂದಳು.

ನಿಜವಾದ ಭಯ ಅಲ್ಲಿತ್ತು. ಮಾರ್ಚಿನಲ್ಲಿ ಅವಳ ಪರ್ಮಿಟ್ ನವೀಕರಣ. ಮೆಡಿಕಲ್ ಮಾಡಿಸಬೇಕು, ಆ ಫಾರಂನಲ್ಲಿ ಟಿಬಿ ಇದೆಯೇ, ಮೂರ್ಛೆ ರೋಗ ಇದೆಯೇ ಎಂದು ಕೇಳುವ ಸಾಲಿನಲ್ಲಿ ಮಾನಸಿಕ ಕಾಯಿಲೆಯೂ ಇರುತ್ತದೆ. ಕಂಪನಿ ಬೇಡವೆಂದರೆ ಪರ್ಮಿಟ್ ಇಲ್ಲ, ಪರ್ಮಿಟ್ ಇಲ್ಲದಿದ್ದರೆ ಊರಿಗೆ ವಾಪಸ್. ಊರಿನಲ್ಲಿ ಈಗ ಅಪ್ಪನ ದೋಣಿಯೂ ಇಲ್ಲ. ಅಮ್ಮ ಮತ್ತು ಮಗಳು ಅವಳನ್ನೇ ನಂಬಿಕೊಂಡಿದ್ದರು.

"ಯಾರೂ ನೋಡೋದಿಲ್ಲ. ಫೈಲು ನನ್ನ ಕೈಲಿರೋದು. ನಾನಿದ್ದೀನಲ್ಲ" ಎಂದೆ.

ಈ ಮಾತು ಆಡಿದ್ದು ನಾನೇ.

ಸೆಪ್ಟೆಂಬರಿನ ಒಂದು ಸೋಮವಾರ ಅವಳನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ಕಂಪನಿಯ ಪ್ಯಾನೆಲ್ ಕ್ಲಿನಿಕ್ಕಿಗೆ ಹೋದೆ. ಪ್ಯಾನೆಲ್ ಕ್ಲಿನಿಕ್ ಎಂದರೆ ಕಂಪನಿ ಗೊತ್ತುಮಾಡಿಕೊಂಡ ದವಾಖಾನೆ. ಕೆಲಸಗಾರರು ಕಾರ್ಡು ತೋರಿಸಿದರೆ ಸಾಕು, ಉಳಿದದ್ದನ್ನು ಕ್ಲಿನಿಕ್ಕಿನವರು ಕಂಪನಿಯ ಜೊತೆ ನೋಡಿಕೊಳ್ಳುತ್ತಾರೆ. ಕಾರ್ಖಾನೆಯಿಂದ ಐದು ನಿಮಿಷ. ಅಲ್ಲೊಬ್ಬಳು ಚಿಕ್ಕ ವಯಸ್ಸಿನ ಡಾಕ್ಟರ್ ಇದ್ದಳು, ಒಳ್ಳೆಯ ಹುಡುಗಿ. ಮುಖಕ್ಕೆ ಎರಡು ಮಾಸ್ಕ್, ಮೇಲೊಂದು ಪ್ಲಾಸ್ಟಿಕ್ ಪರದೆ ಹಾಕಿಕೊಂಡಿದ್ದರೂ ಮುಂದೆ ಬಾಗಿ ಮಾತಾಡಿಸಿದಳು. ಬೆನ್ನಿನ ಬರೆಗಳನ್ನು ನೋಡಿ ನನ್ನ ಹಾಗೆ ಕೂಗಾಡಲಿಲ್ಲ. ತನ್ನ ಅಜ್ಜಿಯೂ ಹೀಗೆ ಕೆರೆಯುತ್ತಿದ್ದಳು ಎಂದಳು. ಅಷ್ಟು ಹೇಳಿದ್ದೇ ತಡ, ಥೊವಾ ಅತ್ತಳು. ಅಪ್ಪ ಸತ್ತಾಗಲೂ ಅಳದಿದ್ದವಳು ನಲವತ್ತು ನಿಮಿಷ ಅತ್ತಳು. ಹೊರಗೆ ಕಾಯುತ್ತಿದ್ದವರು ಬಾಗಿಲು ಬಡಿದರೂ ಡಾಕ್ಟರ್ ತೆರೆಯಲಿಲ್ಲ. ಕೊನೆಗೆ ಮಾತ್ರೆ ಬರೆದು, ಎರಡು ದಿನದ ರಜೆ ಚೀಟಿ ಕೊಟ್ಟಳು. ಚೀಟಿಯಲ್ಲಿ ಕಾರಣ: ಖಿನ್ನತೆ.

ಬುಧವಾರ ನಾನು ಆ ಚೀಟಿಗೆ ರಂಧ್ರ ಹೊಡೆದು, ಥೊವಾಳ ಫೈಲು ತೆಗೆದು, ಅದರಲ್ಲಿ ಹಾಕಿ, ಫೈಲನ್ನು ಬೀರುವಿನಲ್ಲಿಟ್ಟೆ. ಹದಿನಾಲ್ಕು ವರ್ಷದಿಂದ ಬಂದ ಚೀಟಿಗಳನ್ನೆಲ್ಲ ಹಾಗೇ ಮಾಡಿದ್ದೇನೆ. ಜ್ವರದ ಚೀಟಿಯೂ ಅಲ್ಲಿಗೇ, ಹಲ್ಲುನೋವಿನದೂ ಅಲ್ಲಿಗೇ. ಆ ಹೊತ್ತಿನಲ್ಲಿ ಫೋನಿನಲ್ಲಿ ಯಾರೊಂದಿಗೋ ಸ್ಯಾನಿಟೈಸರ್ ವಿಷಯಕ್ಕೆ ಜಗಳವಾಡುತ್ತಿದ್ದೆ ಎಂಬ ನೆನಪು.

ಮಾತ್ರೆ ಹಿಡಿಯಲು ಐದು ವಾರ ಬೇಕಾಯಿತು. ಮೊದಲ ವಾರ ಅವಳಿಗೆ ವಾಕರಿಕೆ. ಬಿಟ್ಟುಬಿಡುತ್ತೇನೆ ಎಂದಳು, ಬಿಟ್ಟರೆ ಕೊಂದುಬಿಡುತ್ತೇನೆ ಎಂದು ನಾನು ಹೆದರಿಸಿದೆ. ದಿನಾ ಊಟದ ಬಿಡುವಿನಲ್ಲಿ ನನ್ನೆದುರೇ ನುಂಗಬೇಕು ಎಂದು ಆಜ್ಞೆ ಮಾಡಿದೆ. ಹಾಸ್ಟೆಲಿನವರಿಗೆ ಅವಳು ವಿಟಮಿನ್ ಎಂದು ಹೇಳಿದ್ದಳು. ನವೆಂಬರಿನಲ್ಲಿ ಒಂದು ಬೆಳಿಗ್ಗೆ ನನ್ನ ಮೇಜಿನ ಮೇಲೆ ಒಂದು ಕಟ್ಟು ಪುದೀನ ಇತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ, ಅದನ್ನು ಮನೆಗೆ ತಂದು ಚಟ್ನಿ ಮಾಡಿ, ಸೈಮನ್‌ಗೂ ಮಗಳು ಕ್ರಿಸ್ಟಿಗೂ ಬಡಿಸಿ, ನನ್ನ ಸಾಧನೆಯನ್ನು ಊಟ ಮುಗಿಯುವ ತನಕ ಕೊರೆದೆ.

"ಯು ಆರ್ ಸೋ ಪ್ರೌಡ್ ಲಾ, ಅಮ್ಮಾ" ಎಂದಳು ಕ್ರಿಸ್ಟಿ. ಅವಳಿಗೆ ಹದಿನೇಳು. ನಾನು ಕನ್ನಡದಲ್ಲಿ ಏನು ಹೇಳಿದರೂ ಇಂಗ್ಲಿಷಿನಲ್ಲೇ ಉತ್ತರ.

ಸೈಮನ್ ತಟ್ಟೆ ಎತ್ತಿಕೊಂಡು ಎದ್ದ. ಅವನಿಗೆ ಆಗ ಗ್ಯಾಸ್ಟ್ರಿಕ್. ತಿಂಗಳಿಗೊಮ್ಮೆ ಕ್ಲಾಂಗಿನಿಂದ ದೂರದ ಬಾಂಗ್ಸಾರ್ ಬಡಾವಣೆಯ ಒಬ್ಬ ಡಾಕ್ಟರನ್ನು ನೋಡಲು ನಾವಿಬ್ಬರೂ ಕಾರಿನಲ್ಲಿ ಹೋಗುತ್ತಿದ್ದೆವು. ಪ್ರಾರ್ಥನೆಯ ಗುಂಪಿನ ಐವಿ ಅಂತೂ ಪ್ರತಿ ಶನಿವಾರ ಜೂಮ್‌ನಲ್ಲಿ ಜಪಮಾಲೆ ಮುಗಿದ ಕೂಡಲೇ, "ಎಂಥ ಮಾರಾಯ್ತಿ, ಸೈಮನ್‌ನ ಗ್ಯಾಸ್ಟ್ರಿಕ್ ಕಡಿಮೆ ಉಂಟಾ? ಖಾರ ಕೊಡ್ಬೇಡ ಅವನಿಗೆ" ಎನ್ನುತ್ತಿದ್ದಳು.

ಕ್ರಿಸ್‌ಮಸ್ಸಿಗೆ ದೇಶದ ಬೀಗ ಸ್ವಲ್ಪ ಸಡಿಲಾಗಿದ್ದರಿಂದ ಥೊವಾಳನ್ನು ಊಟಕ್ಕೆ ಕರೆದೆ. ಅವಳು ಮೀನು ಸಾಸಿನಲ್ಲಿ ಬೇಯಿಸಿದ ಹಂದಿ ಮಾಂಸ ತಂದಿದ್ದಳು. ನಾನು ಮಂಗಳೂರಿನ ಕ್ಯಾಥೊಲಿಕರ ಇಡ್ಲಿಯಾದ ಸನ್ನ, ಸೈಮನ್‌ನ ಅಮ್ಮನ ಲೆಕ್ಕದಲ್ಲಿ ಕೋಳಿ ಸುಕ್ಕ ಮಾಡಿದ್ದೆ. ಅವಳು ಎರಡು ಸಲ ಹಾಕಿಸಿಕೊಂಡಳು. ಸೈಮನ್‌ಗೆ ಗ್ಯಾಸ್ಟ್ರಿಕ್, ದೂರದ ಡಾಕ್ಟರ್ ಹತ್ತಿರ ಔಷಧಿ, ಖಾರ ಆಗದು ಎಂದು ಅವಳಿಗೂ ಹೇಳಿದೆ. ಊಟವಾದ ಮೇಲೆ ತಟ್ಟೆ ತೊಳೆಯಲು ಬಿಡಲೇ ಇಲ್ಲ, ತಾನೇ ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು, ಯಾಕೋ ಸೈಮನ್‌ನ ಪಕ್ಕದಲ್ಲಿ ಕುಳಿತು, ಅವನಿಗೊಂದು ಕಿತ್ತಳೆ ಸುಲಿದುಕೊಟ್ಟಳು.

ಮಾರ್ಚಿನಲ್ಲಿ ನವೀಕರಣದ ಫೈಲುಗಳು ಜನರಲ್ ಮ್ಯಾನೇಜರ್ ಶ್ರೀಪತಿಯವರ ಮೇಜಿಗೆ ಹೋದವು. ಶ್ರೀಪತಿ ಬೆಂಗಳೂರಿನವರು, ಇಲ್ಲಿನ ಕನ್ನಡ ಸಂಘದ ಕಾರ್ಯದರ್ಶಿ. ಆಫೀಸಿನಲ್ಲಿ ಬೇರೆ ಯಾರೂ ಇಲ್ಲದಿದ್ದರೆ ನನ್ನೊಡನೆ ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲೆಲ್ಲ ಅವರು ಫೈಲು ತೆರೆಯದೆಯೇ ಸಹಿ ಹಾಕುತ್ತಿದ್ದರು. ಆ ವರ್ಷ ಯಾವುದೋ ಕಾರ್ಖಾನೆಯಲ್ಲಿ ಕೆಲಸಗಾರನೊಬ್ಬ ಮಹಡಿಯಿಂದ ಬಿದ್ದು ದೊಡ್ಡ ಗಲಾಟೆಯಾಗಿತ್ತಂತೆ, ಹಾಗಾಗಿ ಒಂದೊಂದು ಹಾಳೆಯನ್ನೂ ತಿರುವಿದರು.

"ಏನ್ರೀ ಮೆರಿಲ್ ಇದು?" ಎಂದು ಚೀಟಿಯ ಮೇಲೆ ಬೆರಳಿಟ್ಟರು.

ನಾನು ಆ ಚೀಟಿಯನ್ನು ನೋಡಿದೆ. ನಾನೇ ಹೊಡೆದ ಎರಡು ರಂಧ್ರ.

"ಅಪ್ಪ ತೀರಿಕೊಂಡಿದ್ರು ಸರ್. ಈಗ ಪೂರ್ತಿ ಸರಿಯಾಗಿದ್ದಾಳೆ."

"ಈಗ ಸರಿ. ನಾಳೆ? ಮೆಷಿನ್ನಿಗೆ ಕೈ ಕೊಟ್ಟುಬಿಟ್ರೆ? ಹಾಸ್ಟೆಲಿಂದ ಹಾರಿಬಿಟ್ರೆ? ಪೇಪರಲ್ಲಿ ಬರೋದು ಯಾರ ಹೆಸರು? ಅವರ ಊರಲ್ಲಿ ನೋಡ್ಕೊಳ್ಳೋಕೆ ಮನೆಯವರಿದಾರೆ, ಕಳಿಸಿಬಿಡೋಣ. ಅವಳಿಗೂ ಒಳ್ಳೇದು."

ಕೆಟ್ಟ ಮನುಷ್ಯನಲ್ಲ ಶ್ರೀಪತಿ. ಬೈಯಲಿಕ್ಕಾದರೂ ಸಿಗುತ್ತಿದ್ದರು, ಕೆಟ್ಟವರಾಗಿದ್ದರೆ.

ಥೊವಾಳಿಗೆ ಹೇಳಲು ಹಾಸ್ಟೆಲಿನ ಹಿಂದೆ ಹೋದೆ. ಅವಳು ಡ್ರಮ್ಮುಗಳಿಗೆ ನೀರು ಹಾಕುತ್ತಿದ್ದಳು. ನಾನು ಸುತ್ತು ಬಳಸಿ, ನಿಯಮ, ಕಂಪನಿ, ಕೋವಿಡ್ ಎಂದೆಲ್ಲ ಹೇಳಿ ಕೊನೆಗೆ ವಿಷಯಕ್ಕೆ ಬಂದೆ. ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿ ಎಂದೇ ಹೋಗಿದ್ದೆ.

ಅವಳು ತಂಬಿಗೆ ಕೆಳಗಿಟ್ಟು, "ಕಾಕ್, ಒಂದು ಕೇಳಲಾ?" ಎಂದಳು.

"ಕೇಳು."

"ಸೈಮನ್ ಸರ್ ಗ್ಯಾಸ್ಟ್ರಿಕ್ ಡಾಕ್ಟರ್ ಇದ್ದಾರಲ್ಲ, ದೂರದಲ್ಲಿ. ನನ್ನನ್ನು ಅಲ್ಲಿಗೆ ಯಾಕೆ ಕರೆದುಕೊಂಡು ಹೋಗಲಿಲ್ಲ?"

ನಾನು ಬಗ್ಗಿ ತಂಬಿಗೆ ಎತ್ತಿಕೊಂಡೆ.

"ಕ್ರಿಸ್‌ಮಸ್ ದಿನ ಫ್ರಿಡ್ಜ್ ಮೇಲೆ ನೋಡಿದೆ. ಅದೇ ಮಾತ್ರೆ. ಅದೇ ಬಣ್ಣ, ಅದೇ ಹೆಸರು. ನನ್ನದು ಗಾಳಿ, ಸರ್‌ದು ಗ್ಯಾಸ್ಟ್ರಿಕ್." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಾಗಿದ್ದಂತೆ ನನ್ನ ಮುಖ ನೋಡುತ್ತಿದ್ದಳು.

ಈಗ ಹೇಳಿಬಿಡುತ್ತೇನೆ. ಸೈಮನ್‌ಗೆ ಗ್ಯಾಸ್ಟ್ರಿಕ್ ಇರಲಿಲ್ಲ. 2019ರ ಕೊನೆಯಲ್ಲಿ ಒಂದು ದಿನ ಅವನು ಆಫೀಸಿನ ಲಿಫ್ಟಿನಲ್ಲಿ ಎದೆ ಹಿಡಿದುಕೊಂಡು ಕುಸಿದ. ಹೃದಯ ಗಟ್ಟಿಯಾಗಿದೆ, ಮನೋವೈದ್ಯರನ್ನು ನೋಡಿ ಎಂದರು ಆಸ್ಪತ್ರೆಯವರು. ಅವನು ತಕ್ಷಣ ಒಪ್ಪಿದ. ಹೌಹಾರಿದ್ದು ನಾನು. ಅವನ ಕಂಪನಿಗೂ ಪ್ಯಾನೆಲ್ ಕ್ಲಿನಿಕ್ ಇತ್ತು, ನಮ್ಮ ಬೀದಿಯ ತುದಿಯಲ್ಲೇ ಇತ್ತು. ಆದರೆ ಪ್ಯಾನೆಲ್ ಕ್ಲಿನಿಕ್ಕಿನ ಚೀಟಿ ಎಲ್ಲಿಗೆ ಹೋಗುತ್ತದೆ, ಯಾವ ಬೀರುವಿನಲ್ಲಿ ಕೂರುತ್ತದೆ, ಯಾವಾಗ ಹೊರಗೆ ಬರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದೇ ನನ್ನ ಹೊಟ್ಟೆಪಾಡು. ಹಾಗಾಗಿ ಕ್ಲಾಂಗಿನವರು ಯಾರೂ ಹೋಗದ ಬಾಂಗ್ಸಾರಿನಲ್ಲಿ ಡಾಕ್ಟರನ್ನು ಹುಡುಕಿದೆ. ಕಂಪನಿಯ ಕಾರ್ಡು ತೋರಿಸಲಿಲ್ಲ, ರಜೆ ಚೀಟಿ ಕೇಳಲಿಲ್ಲ. ಕೆಫೆಗಳ ಸಾಲಿನ ಹಿಂದೆ ಕಾರು ನಿಲ್ಲಿಸಿ, ಯಾರಾದರೂ ಕಂಡರೆ ಕಾಫಿಗೆ ಬಂದೆವು ಎನ್ನಬೇಕೆಂದು ಸೈಮನ್‌ಗೆ ಪಾಠ ಹೇಳಿಕೊಟ್ಟೆ. ಗ್ಯಾಸ್ಟ್ರಿಕ್ ಎಂಬ ಹೆಸರನ್ನು ಇಟ್ಟವಳೂ ನಾನೇ. ನಮ್ಮವರಲ್ಲಿ ಆ ಹೆಸರು ಹೇಳಿದರೆ ಮುಂದಿನ ಪ್ರಶ್ನೆ ಬರುವುದಿಲ್ಲ, ಬರೀ ಮನೆಮದ್ದು ಬರುತ್ತದೆ.

ಗಂಡನಿಗಾಗಿ ಇಷ್ಟೆಲ್ಲ ಕಟ್ಟೆಚ್ಚರ ವಹಿಸಿದ ನಾನು, ಥೊವಾಳನ್ನು ಐದು ನಿಮಿಷದ ದಾರಿಯ ಕ್ಲಿನಿಕ್ಕಿಗೆ ಕರೆದೊಯ್ದೆ. ಅವಳ ಬಗ್ಗೆ ಕೆಟ್ಟದ್ದೇನೂ ಯೋಚಿಸಿರಲಿಲ್ಲ. ಆ ಎಚ್ಚರ ಅವಳಿಗೂ ಬೇಕಾದೀತು ಎಂಬ ಯೋಚನೆಯೇ ಬಂದಿರಲಿಲ್ಲ, ಅದೇ ಹೆಚ್ಚು ನಾಚಿಕೆಯ ವಿಷಯ. ತಂಬಿಗೆಯನ್ನು ಅಲ್ಲೇ ಇಟ್ಟು ತಿರುಗಿ ಬಂದೆ.

ಸಂಜೆ ಎಲ್ಲವನ್ನೂ ಸೈಮನ್‌ಗೆ ಹೇಳಿದೆ. ಅವನು ಕೇಳಿಸಿಕೊಂಡು, "ಮಾರಾಯ್ತಿ, ಇದರಲ್ಲಿ ಎಂಥ ಉಂಟು? ಶ್ರೀಪತಿಗೆ ನನ್ನ ವಿಷಯ ಹೇಳು. ಒಂದೂವರೆ ವರ್ಷದಿಂದ ಇದೇ ಮಾತ್ರೆ ತಗೊಂಡು ನಾನು ಹಡಗು ಕಳಿಸ್ತಾ ಇದ್ದೇನೆ, ಒಂದೂ ಮುಳುಗ್ಲಿಲ್ಲ ಅಂತ ಹೇಳು. ಬೇಕಾದ್ರೆ ನಾನೇ ಫೋನ್ ಮಾಡ್ತೇನೆ" ಎಂದ.

"ನಿನಗೆ ತಲೆ ಕೆಟ್ಟಿದೆಯಾ?" ಎಂದೆ. ಬಾಯಿಂದ ಅದೇ ಮಾತು ಬಂತು. "ನಿಮ್ಮ ಆಫೀಸಲ್ಲಿ ಜನ ತೆಗೀತಾ ಇದ್ದಾರೆ. ಶ್ರೀಪತಿಗೆ ಹೇಳಿದ್ರೆ ಅವರ ಹೆಂಡತಿಗೆ ಗೊತ್ತಾಗತ್ತೆ, ಅವರ ಹೆಂಡತಿಗೆ ಗೊತ್ತಾದ್ರೆ ಸಂಘದ ಗ್ರೂಪಿಗೆಲ್ಲ ಗೊತ್ತಾಗತ್ತೆ. ಕ್ರಿಸ್ಟಿಯ ಗತಿ ಏನು?"

"ವಾಟ್ ಅಬೌಟ್ ಮೀ?" ಎಂದಳು ಕ್ರಿಸ್ಟಿ, ಫೋನಿನಿಂದ ತಲೆ ಎತ್ತಿ. "ಐ ಟೋಲ್ಡ್ ಆಲ್ ಮೈ ಫ್ರೆಂಡ್ಸ್ ಲಾಂಗ್ ಅಗೋ."

ಇದನ್ನು ಬರೆಯಲು ಸೈಮನ್ ಒಪ್ಪಿಗೆ ಕೊಟ್ಟಿದ್ದಾನೆ. ಆಗಲೂ ಕೊಟ್ಟಿದ್ದ.

ಮರುದಿನ ಶ್ರೀಪತಿಯವರ ಕೋಣೆಗೆ ಮತ್ತೆ ಹೋದೆ. ಹೇಳಿಯೇ ಬಿಡುತ್ತೇನೆ ಎಂದು ಲಿಫ್ಟಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಥೊವಾ ನಮ್ಮಲ್ಲಿ ಎಲ್ಲರಿಗಿಂತ ಒಳ್ಳೆಯ ಕೆಲಸಗಾರ್ತಿ, ಮಾತ್ರೆ ತೆಗೆದುಕೊಂಡ ಮೇಲೆ ಅವಳ ಕೈಯಿಂದ ಒಂದು ಸೊಟ್ಟ ಪೆಟ್ಟಿಗೆಯೂ ದಾಟಿಲ್ಲ, ಇಂಥ ಮಾತ್ರೆ ತೆಗೆದುಕೊಳ್ಳುವವರು ಎಲ್ಲರಂತೆ ಕೆಲಸ ಮಾಡುತ್ತಾರೆ ಎಂದೆಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಗಮನವಿಟ್ಟು ಕೇಳಿದರು.

"ನಿಮಗೆ ಹೇಗೆ ಗೊತ್ತು ಮೆರಿಲ್? ನಿಮಗೆ ಗೊತ್ತಿರೋರು ಯಾರಾದ್ರೂ ತಗೋತಾರಾ? ಹಾಗಿದ್ರೆ ಹೇಳಿ, ಯೋಚನೆ ಮಾಡೋಣ."

ಬಾಗಿಲು ತೆರೆದು ದಾರಿ ಬಿಟ್ಟ ಹಾಗಿತ್ತು ಆ ಪ್ರಶ್ನೆ. ಗೋಡೆಯ ಮೇಲೆ ಕನ್ನಡ ಸಂಘದ ಕೋವಿಡ್‌ಗೆ ಮುಂಚಿನ ಗ್ರೂಪ್ ಫೋಟೋ ಇತ್ತು. ಎರಡನೇ ಸಾಲಿನಲ್ಲಿ ಸೈಮನ್, ಪಕ್ಕದಲ್ಲಿ ಜರಿಯಂಚಿನ ಸೀರೆ ಉಟ್ಟ ನಾನು.

"ಇಲ್ಲ ಸರ್. ಇಂಟರ್ನೆಟ್‌ನಲ್ಲಿ ಓದಿದ್ದೆ" ಎಂದೆ.

"ಇಂಟರ್ನೆಟ್‌ನಲ್ಲಿ ಏನ್ ಬೇಕಾದ್ರೂ ಬರೀತಾರೆ" ಎಂದು ನಕ್ಕು, ಥೊವಾಳ ಫೈಲನ್ನು ಬಲಗಡೆಯ ಗುಡ್ಡೆಯಿಂದ ತೆಗೆದು ಎಡಗಡೆಗೆ, ವಾಪಸ್ ಹೋಗುವವರ ಗುಡ್ಡೆಗೆ, ಇಟ್ಟರು. ನಾನು ಏಳುವಾಗ ಕಾಳಜಿಯಿಂದ ಕೇಳಿದರು: "ಅಂದ ಹಾಗೆ ಸೈಮನ್ ಗ್ಯಾಸ್ಟ್ರಿಕ್ ಹೇಗಿದೆ? ಮಜ್ಜಿಗೆಗೆ ಸ್ವಲ್ಪ ಇಂಗು ಹಾಕಿ ಕೊಡಿ. ನಮ್ಮನೇಲಿ ಅದೇ."

"ಕೊಡ್ತೀನಿ ಸರ್" ಎಂದು ಹೊರಗೆ ಬಂದೆ.

ವಿಯೆಟ್ನಾಮಿಗೆ ಮಾಮೂಲು ವಿಮಾನ ಇರಲಿಲ್ಲ. ರಾಯಭಾರ ಕಚೇರಿಯವರು ಕಳಿಸುವ ವಿಮಾನಕ್ಕೆ ಹೆಸರು ಬರೆಸಿ ಕಾಯಬೇಕು. ಆ ಫಾರಂ ತುಂಬಿದ್ದೂ ನಾನೇ. ಏಪ್ರಿಲ್ ಕೊನೆಯಲ್ಲಿ ಅವಳ ಸರದಿ ಬಂತು. ಬಾಂಗ್ಸಾರಿನ ಡಾಕ್ಟರನ್ನು ಕಾಡಿಬೇಡಿ ಥೊವಾಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ದು, ಮೂರು ತಿಂಗಳಿಗಾಗುವಷ್ಟು ಮಾತ್ರೆ ಕೊಡಿಸಿದೆ. ಹೋಗುವ ದಾರಿಯಲ್ಲಿ ಅವಳು ಕಿಟಕಿಯಿಂದ ಕೆಫೆಗಳನ್ನು ನೋಡುತ್ತಾ, "ಇಲ್ಲಿ ಗಾಳಿಯೂ ಚೆನ್ನಾಗಿದೆ" ಎಂದಳು. ತಮಾಷೆ ಮಾಡಿದಳೋ, ನಿಜವಾಗಿ ಹೇಳಿದಳೋ, ಕೇಳುವ ಧೈರ್ಯ ನನಗಿರಲಿಲ್ಲ.

ವ್ಯಾನು ಹತ್ತುವ ದಿನ ಬಿಳಿ ರಕ್ಷಣಾ ಉಡುಪು, ಮಾಸ್ಕ್, ಮುಖಕ್ಕೆ ಪರದೆ, ಅವಳ ಮುಖವೇ ಕಾಣುತ್ತಿರಲಿಲ್ಲ. ಕ್ಷಮೆ ಕೇಳಬೇಕೆಂದು ಹೋಗಿದ್ದೆ. ಕೇಳಿದೆ. ಅವಳು ಕೈಗವಸಿನ ಕೈಯಿಂದ ನನ್ನ ತೋಳನ್ನು ಎರಡು ಸಲ ತಟ್ಟಿ, ಡ್ರಮ್ಮುಗಳಿಗೆ ನೀರು ಹಾಕಲು ಹೇಳಿದಳು. ಹಾಕುತ್ತಿದ್ದೇನೆ. ಪುದೀನ ಚೆನ್ನಾಗಿದೆ, ಉಳಿದ ಸೊಪ್ಪುಗಳು ನನ್ನ ಕೈಗೆ ಹತ್ತಲಿಲ್ಲ.

ಅವಳಿದ್ದ ಜಾಗದಲ್ಲಿ ಈಗ ಬೇರೊಬ್ಬಳು ನಿಂತಿದ್ದಾಳೆ. ಸೊಟ್ಟ ಪೆಟ್ಟಿಗೆಗಳು ದಾಟುತ್ತಿವೆ ಎಂದು ಗಿರಾಕಿಗಳಿಂದ ದೂರು ಬಂದಾಗ ಶ್ರೀಪತಿ ನನ್ನನ್ನು ಕರೆದು, "ಆ ವಿಯೆಟ್ನಾಂ ಹೆಂಗಸಿನಂಥೋರು ಸಿಗಲ್ವಾ?" ಎಂದರು. ಹುಡುಕ್ತೀನಿ ಸರ್ ಎಂದೆ. ಶನಿವಾರದ ಜಪಮಾಲೆಯಲ್ಲಿ ಐವಿ ಕೇಳುವುದನ್ನು ಬಿಟ್ಟಿಲ್ಲ. ಪ್ರತಿ ಸಲ, ಇವತ್ತು ಹೇಳುತ್ತೇನೆ ಎಂದು ಮೈಕ್ ಆನ್ ಮಾಡುತ್ತೇನೆ. ಕಂಟ್ರೋಲಿನಲ್ಲಿದೆ ಐವಿ, ಥ್ಯಾಂಕ್ಸ್ ಎಂದು ಆಫ್ ಮಾಡುತ್ತೇನೆ.

ಜುಲೈ ಮೊದಲ ವಾರ, ಅವಳ ಅಪ್ಪನ ವರ್ಷದ ಹೊತ್ತಿಗೆ, ಥೊವಾಳಿಂದ ಮೆಸೇಜ್ ಬಂತು. ಕ್ವಾರಂಟೈನ್ ಮುಗಿದು ಊರು ಸೇರಿದ್ದಾಳೆ, ಅಪ್ಪನ ಸಮಾಧಿ ನೋಡಿದ್ದಾಳೆ, ಮಗಳು ಅವಳ ಭುಜದವರೆಗೆ ಬೆಳೆದಿದ್ದಾಳೆ. ಮಾತ್ರೆ ಮುಗಿಯುತ್ತಾ ಬಂದಿದೆ. ಪಟ್ಟಣದ ದೊಡ್ಡಾಸ್ಪತ್ರೆಯಲ್ಲಿ ಅಂಥ ಡಾಕ್ಟರ್ ಇದ್ದಾರೆಂದು ತಾನೇ ವಿಚಾರಿಸಿಕೊಂಡಿದ್ದಾಳೆ, ನಾಳೆ ಅಮ್ಮನ ಜೊತೆ ಬಸ್ಸಿನಲ್ಲಿ ಹೋಗುತ್ತಾಳೆ. ಕೊನೆಯಲ್ಲಿ ಒಂದು ಪ್ರಶ್ನೆ: "ಕಾಕ್, ಬಸ್ಸಿನಲ್ಲಿ ಊರಿನವರು ಎಲ್ಲಿಗೆ ಎಂದು ಕೇಳುತ್ತಾರೆ. ಏನು ಹೇಳಲಿ?"

ಇದರಲ್ಲಿ ನಾಚಿಕೆಪಡುವುದೇನಿದೆ, ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದು ಉದ್ದಕ್ಕೆ ಬರೆದೆ. ಓದಿದೆ. ಅವಳ ಮೇಲೆ ಕಿರುಚಿದ ದಿನದ ದನಿಯೇ ಇದರಲ್ಲೂ ಇತ್ತು. ಅಳಿಸಿದೆ. ಮತ್ತೆ ಬರೆದು ಮತ್ತೆ ಅಳಿಸಿದೆ. ಕೊನೆಗೆ ಒಂದೇ ಪದ ಕಳಿಸಿದೆ: ಗ್ಯಾಸ್ಟ್ರಿಕ್.

ಒಂದು ನಿಮಿಷದಲ್ಲಿ ಎತ್ತಿದ ಹೆಬ್ಬೆರಳಿನ ಚಿತ್ರ ಬಂತು. ಅದರ ಕೆಳಗೆ, "ಸೈಮನ್ ಸರ್‌ಗೆ ಗ್ಯಾಸ್ಟ್ರಿಕ್ ಇನ್ನೂ ಇದೆಯಾ ಕಾಕ್?"